ರಿಸೆಟ್ ಒತ್ತಿದ ಮೇಲೆ ಫೈಲುಗಳು ಎಲ್ಲಿ ಹೋಗುತ್ತವೆ?

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಯಾರ ಬಳಿಯಾದರೂ ಹೇಳಿ ನೋಡಿ. ‘ರಿಸೆಟ್ ಮಾಡಿಬಿಡಿ, ಹೊಸದರಂತೆ ಓಡುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳೂ ಅಲ್ಲ. ಒಂದೆರಡು ಗಂಟೆಯಲ್ಲಿ ಯಂತ್ರ ನಿಜಕ್ಕೂ ಅಂಗಡಿಯಿಂದ ತಂದ ದಿನದಂತೆ ಆಗುತ್ತದೆ. ಮರುದಿನ ಮಗಳು ತನ್ನ ಪ್ರಾಜೆಕ್ಟ್ ಹುಡುಕುತ್ತಾಳೆ. ತಾಯಿ ಸ್ವಸಹಾಯ ಸಂಘದ ಲೆಕ್ಕ ತೆಗೆಯಲು ಕೂರುತ್ತಾಳೆ. ತೀರಿಹೋದ ನಾನಿಯ ಧ್ವನಿಯನ್ನು ಯಾರೋ ಮೊಬೈಲಿನಿಂದ ಅದರಲ್ಲಿ ಹಾಕಿಟ್ಟಿದ್ದು ಆಗ ನೆನಪಾಗುತ್ತದೆ. ತೆರೆದರೆ ಯಂತ್ರ ಖಾಲಿ.

ಸಹೋದರಿಯರೇ, ಇದು ಪಟ್ಟಣದವರ ತೊಂದರೆ ಎಂದು ಬದಿಗೆ ಸರಿಸುವ ಕಾಲ ಹೋಯಿತು. ರೋಣ ತಾಲೂಕಿನ ನಮ್ಮ ಸವಡಿಯಂಥ ಊರಿನಲ್ಲೂ ಲ್ಯಾಪ್‌ಟಾಪ್ ಈಗ ಅಪರೂಪದ ವಸ್ತುವಲ್ಲ. 2020ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿತು. ಅದೇ ವರ್ಷ ಕೊರೊನಾದಿಂದ ಶಾಲೆಗಳ ಬಾಗಿಲು ಮುಚ್ಚಿ ಪಾಠ ಪರದೆಗೆ ಬಂದಾಗ, ಅನೇಕ ಮನೆಗಳು ಸಾಲ ಮಾಡಿಯಾದರೂ ಒಂದು ಹಳೆಯ ಯಂತ್ರವನ್ನು ಕೊಂಡವು. ಪಟ್ಟಣದಲ್ಲಿ ಒಬ್ಬರಿಗೊಂದು ಯಂತ್ರ, ನಮ್ಮಲ್ಲಿ ಮನೆಗೊಂದು. ಅಕ್ಕನ ಓದು, ತಮ್ಮನ ಆಟ, ಅಬ್ಬಾರ ವ್ಯಾಪಾರದ ಬಿಲ್ಲು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಆದ್ದರಿಂದಲೇ ಒಬ್ಬರ ವರ್ಷದ ದುಡಿಮೆ ಇನ್ನೊಬ್ಬರ ಒಂದು ಕ್ಷಣದ ಆತುರಕ್ಕೆ ಅಳಿಯುವುದು ನಮ್ಮಲ್ಲೇ ಹೆಚ್ಚು.

ಹೀಗಾದಾಗ ಜನ ಎರಡು ರೀತಿಯಲ್ಲಿ ಮಾತಾಡುತ್ತಾರೆ. ‘ಹೋದದ್ದು ಹೋಯಿತು, ಇನ್ನು ಬರುವುದಿಲ್ಲ’ ಎನ್ನುವವರು ಕೆಲವರು. ‘ಕಂಪ್ಯೂಟರಿನಿಂದ ಏನನ್ನು ಬೇಕಾದರೂ ವಾಪಸು ತೆಗೆಯಬಹುದು, ದುಡ್ಡು ಕೊಟ್ಟರಾಯಿತು’ ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ನಿಜವಲ್ಲ. ಫೈಲು ಮರಳಿ ಸಿಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಎರಡು ಸಂಗತಿಗಳು: ನಿಮ್ಮ ಯಂತ್ರದೊಳಗಿನ ಡಿಸ್ಕ್ ಯಾವ ಬಗೆಯದು, ಮತ್ತು ರಿಸೆಟ್ ಆದ ಮೊದಲ ಕೆಲವು ಗಂಟೆಗಳಲ್ಲಿ ನೀವು ಏನು ಮಾಡಿದಿರಿ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಇದೆ.

ಮೊದಲ ಕೆಲಸ: ಏನೂ ಮಾಡದಿರುವುದು

ಹಾರ್ಡ್ ಡಿಸ್ಕಿನಲ್ಲಿ ಒಂದು ಫೈಲನ್ನು ಅಳಿಸಿದಾಗ ಅದು ಆ ಕ್ಷಣಕ್ಕೆ ನಾಶವಾಗುವುದಿಲ್ಲ. ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಬರೆದಿಟ್ಟ ಒಂದು ಪಟ್ಟಿ ಇರುತ್ತದೆ. ಅಳಿಸುವುದೆಂದರೆ ಆ ಪಟ್ಟಿಯಲ್ಲಿ ‘ಈ ಜಾಗ ಖಾಲಿ’ ಎಂದು ಗುರುತು ಹಾಕುವುದು, ಅಷ್ಟೇ. ಬರಹ, ಚಿತ್ರ ಎಲ್ಲವೂ ಅಲ್ಲೇ ಇರುತ್ತವೆ, ಅದರ ಮೇಲೆ ಬೇರೇನಾದರೂ ಬರೆಯುವ ತನಕ. ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದಾಗಲೂ ಸಾಮಾನ್ಯವಾಗಿ ಆಗುವುದು ಇದೇ. ಹಳೆಯ ಪಟ್ಟಿ ಹರಿದು ಹೊಸ ಪಟ್ಟಿ ಬರುತ್ತದೆ.

ಆದರೆ ರಿಸೆಟ್ ಬರೀ ಪಟ್ಟಿ ಹರಿದು ಸುಮ್ಮನಾಗುವುದಿಲ್ಲ. ಹೊಸ ವಿಂಡೋಸನ್ನೂ ಹಾಕುತ್ತದೆ. ಅದು ಇಪ್ಪತ್ತು ಜಿ.ಬಿ.ಗೂ ಹೆಚ್ಚು ಜಾಗ ಹಿಡಿಯುತ್ತದೆ. ಆ ಜಾಗದಲ್ಲಿ ಮೊದಲು ನಿಮ್ಮ ಫೈಲುಗಳು ಇದ್ದಿದ್ದರೆ ಅವುಗಳ ಕತೆ ಮುಗಿಯಿತು. ಉಳಿದ ಜಾಗದಲ್ಲಿದ್ದವು ಇನ್ನೂ ಇವೆ. ಇಂಟರ್‌ನೆಟ್ ಸಂಪರ್ಕವಿದ್ದರೆ ಹೊಸ ವಿಂಡೋಸ್ ಕೂಡಲೇ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳಲು ಆರಂಭಿಸುತ್ತದೆ. ನೀವು ಗಾಬರಿಯಲ್ಲಿ ಒಂದು ಸಾಫ್ಟ್‌ವೇರ್ ಹಾಕುತ್ತೀರಿ, ಅದು ಸರಿಹೋಗದೆ ಇನ್ನೊಂದು ಹಾಕುತ್ತೀರಿ. ಪ್ರತಿಯೊಂದೂ ಉಳಿದ ಫೈಲುಗಳ ಮೇಲೆ ಬಂದು ಕೂರುತ್ತಿರುತ್ತದೆ. ನನ್ನ ಪ್ರಕಾರ ರಿಸೆಟ್‌ನಿಂದ ಹೋದದ್ದಕ್ಕಿಂತ ರಿಸೆಟ್ ನಂತರದ ಗಡಿಬಿಡಿಯಲ್ಲಿ ಹೋದ ಫೈಲುಗಳೇ ಹೆಚ್ಚು ಮರುಕ ಹುಟ್ಟಿಸುವಂಥವು.

ಆದ್ದರಿಂದ ತಿಳಿದ ಕೂಡಲೇ ವೈಫೈ ಅಥವಾ ಮೊಬೈಲಿನ ಹಾಟ್‌ಸ್ಪಾಟ್ ಬಂದ್ ಮಾಡಿರಿ. ಏನನ್ನೂ ಕಾಪಿ ಮಾಡಬೇಡಿ, ಇಳಿಸಿಕೊಳ್ಳಬೇಡಿ. ಐದು ನಿಮಿಷದಲ್ಲಿ ಮೂರು ಕಡೆ ಮಾತ್ರ ಕಣ್ಣಾಡಿಸಿ.

ಒಂದು, ಸಿ ಡ್ರೈವಿನಲ್ಲಿ ‘ಯೂಸರ್ಸ್’ ಎಂಬ ಫೋಲ್ಡರ್. ವಿಂಡೋಸ್ 10 ಮತ್ತು 11ರಲ್ಲಿ ರಿಸೆಟ್ ಮಾಡುವಾಗ ಯಂತ್ರ ಒಂದು ಪ್ರಶ್ನೆ ಕೇಳುತ್ತದೆ: ‘ಕೀಪ್ ಮೈ ಫೈಲ್ಸ್’ ಅಥವಾ ‘ರಿಮೂವ್ ಎವೆರಿಥಿಂಗ್’. ಒತ್ತಿದವರು ಮೊದಲನೆಯದನ್ನು ಒತ್ತಿದ್ದರೆ ಸಾಫ್ಟ್‌ವೇರುಗಳು ಮಾತ್ರ ಹೋಗಿರುತ್ತವೆ, ಫೈಲುಗಳು ಇದ್ದಲ್ಲೇ ಇರುತ್ತವೆ. ಯಾವ ಯಾವ ಸಾಫ್ಟ್‌ವೇರ್ ತೆಗೆಯಲಾಯಿತು ಎಂಬ ಒಂದು ಪಟ್ಟಿಯನ್ನೂ ಡೆಸ್ಕ್‌ಟಾಪಿನ ಮೇಲೆ ಬಿಟ್ಟಿರುತ್ತದೆ. ಎರಡು, ‘ಡಿ’ ಡ್ರೈವ್ ಇದ್ದರೆ ಅದನ್ನು ತೆರೆಯಿರಿ. ಎಲ್ಲ ಡ್ರೈವ್‌ಗಳನ್ನೂ ಅಳಿಸು ಎಂದು ಬೇರೆಯಾಗಿ ಹೇಳದ ಹೊರತು ರಿಸೆಟ್ ಸಾಮಾನ್ಯವಾಗಿ ಸಿ ಡ್ರೈವನ್ನು ಮಾತ್ರ ಮುಟ್ಟುತ್ತದೆ. ಮೂರು, ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರ್. ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಪೆನ್‌ಡ್ರೈವಿನಿಂದ ಹೊಸ ವಿಂಡೋಸ್ ಹಾಕಿದ್ದರೆ ಹಳೆಯದೆಲ್ಲ ಅದರೊಳಗೆ ಹೋಗಿ ಕುಳಿತಿರುತ್ತದೆ. ಇದನ್ನು ಕೆಲವು ದಿನಗಳ ನಂತರ ವಿಂಡೋಸ್ ತಾನಾಗಿ ಅಳಿಸಬಹುದಾದ್ದರಿಂದ ತಡಮಾಡದೆ ಬೇರೆ ಡಿಸ್ಕಿಗೆ ತೆಗೆದುಕೊಳ್ಳಬೇಕು.

ಮೂರರಲ್ಲೂ ಇಲ್ಲವೆಂದಾದರೆ ಯಂತ್ರವನ್ನು ಆಫ್ ಮಾಡಿ ಮುಚ್ಚಿಡಿ.

ಇನ್ನೊಬ್ಬರ ಬಳಿ ಇರುವ ಪ್ರತಿ

ಈಗ ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಸಾಫ್ಟ್‌ವೇರ್ ಹುಡುಕುವ ಮೊದಲು ಈ ಕೆಲಸ ಮಾಡಬೇಕೆಂಬುದು ನನ್ನ ಅನುಭವದ ಮಾತು.

ನಮ್ಮೂರಿನ ಒಂದು ಮನೆಯ ಸಂಗತಿ. ಬಿ.ಎಡ್. ಓದುತ್ತಿದ್ದ ಹುಡುಗಿ. ಪಾಠಯೋಜನೆಗಳು, ಕ್ರಿಯಾ ಸಂಶೋಧನೆಯ ವರದಿ ಎಲ್ಲವೂ ಲ್ಯಾಪ್‌ಟಾಪಿನಲ್ಲಿ. ಆಟ ಸರಿಯಾಗಿ ಓಡುತ್ತಿಲ್ಲವೆಂದು ತಮ್ಮ ರಿಸೆಟ್ ಮಾಡಿದ. “ಸರ್, ಎಲ್ಲಾ ಹೋತ್ರಿ, ಇನ್ನ ವಾರದಾಗ ಸಬ್ಮಿಟ್ ಮಾಡಬೇಕ್ರಿ” ಎಂದು ಅಳುತ್ತ ಬಂದಳು. “ಅಳಬ್ಯಾಡ ಬೇಟಿ, ಯಾವ್ಯಾವ ಫೈಲ್ ಇದ್ದವು, ಯಾರ‍್ಯಾರಿಗೆ ಕಳಿಸಿದ್ದಿ, ಮೊದಲ ಬರಿ” ಎಂದು ಹಾಳೆ ಕೊಟ್ಟೆ. ಬರೆದಾಗ ಹನ್ನೊಂದು ಫೈಲಾದವು. ನಾಲ್ಕನ್ನು ಗೆಳತಿಗೆ ವಾಟ್ಸಾಪ್ ಮಾಡಿದ್ದಳು, ಅವಳ ಮೊಬೈಲಿನಲ್ಲಿ ಇದ್ದವು. ಎರಡನ್ನು ತಿದ್ದಲೆಂದು ಉಪನ್ಯಾಸಕರಿಗೆ ಇಮೇಲ್ ಮಾಡಿದ್ದಳು, ‘ಸೆಂಟ್’ ಎಂಬಲ್ಲಿ ಸಿಕ್ಕವು. ಒಂದನ್ನು ರೋಣದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದಳು. ಅಂಗಡಿಯವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಮೂರು ತಿಂಗಳ ಹಿಂದಿನ ಆ ಫೈಲು ಹಾಗೆಯೇ ಬಿದ್ದಿತ್ತು. (ಅದು ಹಾಗೆ ಬಿದ್ದಿರುವುದು ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ. ಆಧಾರ್ ಪ್ರತಿ ಪ್ರಿಂಟ್ ತೆಗೆಸಿದ ಮೇಲೆ ‘ಅಳಿಸಿಬಿಡ್ರಿ’ ಎಂದು ನಿಂತು ಹೇಳಬೇಕು.) ಹನ್ನೊಂದರಲ್ಲಿ ಏಳು ಯಾವ ಖರ್ಚೂ ಇಲ್ಲದೆ ಅದೇ ಸಂಜೆ ಬಂದವು. ಉಳಿದ ನಾಲ್ಕರಲ್ಲಿ ಎರಡು ಮುಂದೆ ಹೇಳುವ ವಿಧಾನದಿಂದ ಸಿಕ್ಕವು. ಎರಡನ್ನು ಅವಳು ಕೂತು ಮತ್ತೆ ಬರೆದಳು.

ನೀವೂ ಹೀಗೆಯೇ ಹುಡುಕಬಹುದು. ಲ್ಯಾಪ್‌ಟಾಪನ್ನು ಮೈಕ್ರೋಸಾಫ್ಟ್ ಖಾತೆಯಿಂದ ಆರಂಭಿಸಿದ್ದರೆ, ನಿಮಗೆ ತಿಳಿಯದೆಯೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಒನ್‌ಡ್ರೈವ್ ಎಂಬ ಅಂತರ್ಜಾಲದ ಕಪಾಟಿಗೆ ಹೋಗಿರುವ ಸಾಧ್ಯತೆಯಿದೆ. ಉಚಿತವಾಗಿ ಸಿಗುವ ಜಾಗ 5 ಜಿ.ಬಿ. ಮೊಬೈಲಿನಿಂದಲೇ ಆ ಖಾತೆಗೆ ಹೋಗಿ ನೋಡಿ, ಲ್ಯಾಪ್‌ಟಾಪ್ ತೆರೆಯಬೇಕಾಗಿಲ್ಲ. ಗೂಗಲ್ ಖಾತೆಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತ ಜಾಗ 15 ಜಿ.ಬಿ. 2021ರ ಜೂನ್ 1ರ ತನಕ ಗೂಗಲ್ ಫೋಟೋಸ್ ಸ್ವಲ್ಪ ಕಿರಿದುಗೊಳಿಸಿದ ಚಿತ್ರಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಟ್ಟುಕೊಳ್ಳುತ್ತಿತ್ತು. ಆ ದಿನಗಳಲ್ಲಿ ನಿಮ್ಮ ಹಳೆಯ ಮೊಬೈಲಿನಿಂದ ಹೋದ ಫೋಟೊಗಳು ಮರೆತುಹೋದ ಯಾವುದೋ ಜಿಮೇಲ್ ಖಾತೆಯಲ್ಲಿ ಇರಬಹುದು. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ ಅಳಿಸಿದ್ದು 30 ದಿನ ಇರುತ್ತದೆ. ಮದುವೆಯ ಫೋಟೊಗಳಿಗಾಗಿ ಸ್ಟುಡಿಯೊದವರನ್ನು ಕೇಳಿ. ಅವರು ವರ್ಷಗಟ್ಟಲೆ ಇಟ್ಟುಕೊಂಡಿರುವುದುಂಟು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ‘ಫಲಾನಾ ದಿನದ ಫೋಟೊ ಯಾರ ಬಳಿ ಇದೆ?’ ಎಂದು ಒಂದು ಸಾಲು ಹಾಕಿ. ದುಬೈಯಲ್ಲಿರುವ ಮಾಮು, ಹುಬ್ಬಳ್ಳಿಯಲ್ಲಿರುವ ಫೂಫಿ, ಯಾರ ಫೋನಿನಲ್ಲಾದರೂ ಇರುತ್ತದೆ.

ಕೆಲವನ್ನು ಹುಡುಕುವ ಶ್ರಮವೇ ಬೇಡ. ಆಧಾರ್, ಪಾನ್, ಚಾಲನಾ ಪರವಾನಗಿಗಳನ್ನು 2015ರಲ್ಲಿ ಆರಂಭವಾದ ಡಿಜಿಲಾಕರ್‌ನಿಂದ ಮತ್ತೆ ಪಡೆಯಬಹುದು. ಅನೇಕ ಮಂಡಳಿ, ವಿಶ್ವವಿದ್ಯಾಲಯಗಳ ಅಂಕಪಟ್ಟಿಗಳೂ ಅದರಲ್ಲಿ ಬರುತ್ತವೆ. ಹೊಲದ ಪಹಣಿ ‘ಭೂಮಿ’ಯಿಂದ ಸಿಗುತ್ತದೆ. ಇವುಗಳ ಸ್ಕ್ಯಾನ್ ಹೋಯಿತೆಂದು ಅಂಗಡಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಹಾಳೆಯಲ್ಲಿ ಇವನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿಯುವುದು ನಿಜವಾಗಿ ಬೇರೆಲ್ಲೂ ಇಲ್ಲದ್ದು. ಹೆಚ್ಚಾಗಿ ಅದು ನಾಲ್ಕೈದು ಸಾಲಷ್ಟೇ ಇರುತ್ತದೆ.

ಡಿಸ್ಕ್ ಯಾವುದು?

ಆ ನಾಲ್ಕೈದಕ್ಕಾಗಿ ಈಗ ಲ್ಯಾಪ್‌ಟಾಪಿನೊಳಗೆ ನೋಡೋಣ. ಸುಮಾರು ಹತ್ತು ವರ್ಷ ಹಳೆಯ, ಕಡಿಮೆ ಬೆಲೆಯ ಯಂತ್ರವಾದರೆ ಅದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಾಧ್ಯತೆ ಹೆಚ್ಚು. ಕಿವಿಗೊಟ್ಟರೆ ಸಣ್ಣ ಗುಂಯ್ ಸದ್ದು ಬರುತ್ತದೆ. ಈಚಿನವುಗಳಲ್ಲಿ ಎಸ್‌ಎಸ್‌ಡಿ ಇರುತ್ತದೆ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಖರೀದಿಯ ಬಿಲ್ಲಿನಲ್ಲಿ, ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುತ್ತಾರೆ.

ಹಾರ್ಡ್ ಡಿಸ್ಕ್ ಆಗಿದ್ದರೆ ಆಸೆಗೆ ಜಾಗವಿದೆ. ಎಸ್‌ಎಸ್‌ಡಿಯಾದರೆ ಬಹುಮಟ್ಟಿಗೆ ಇಲ್ಲ. ಕಾರಣ ಹೀಗಿದೆ. 2009ರ ವಿಂಡೋಸ್ 7ರಿಂದ ‘ಟ್ರಿಮ್’ ಎಂಬ ಒಂದು ವ್ಯವಸ್ಥೆ ಬಂದಿದೆ. ಫೈಲು ಅಳಿಸಿದ ಕೂಡಲೇ ವಿಂಡೋಸ್ ಎಸ್‌ಎಸ್‌ಡಿಗೆ ‘ಈ ಜಾಗ ಇನ್ನು ಬೇಕಾಗಿಲ್ಲ’ ಎಂದು ತಿಳಿಸುತ್ತದೆ. ಎಸ್‌ಎಸ್‌ಡಿ ಬಿಡುವಿನ ಹೊತ್ತಿನಲ್ಲಿ ಆ ಜಾಗವನ್ನು ತಾನೇ ತೊಳೆದು ಸಿದ್ಧ ಮಾಡಿಕೊಳ್ಳುತ್ತದೆ, ಮುಂದಿನ ಬರವಣಿಗೆ ಬೇಗ ಆಗಲೆಂದು. ಯಂತ್ರದ ವೇಗಕ್ಕೆ ಇದು ಒಳ್ಳೆಯದು, ಕಳೆದದ್ದನ್ನು ಹುಡುಕುವವರಿಗೆ ಕೆಟ್ಟದ್ದು. ದೊಡ್ಡ ಪ್ರಯೋಗಾಲಯಗಳೂ ಇಂಥಲ್ಲಿ ಸಾಮಾನ್ಯವಾಗಿ ಕೈಚೆಲ್ಲುತ್ತವೆ.

ಇನ್ನೊಂದು ಅಡ್ಡಿ ಬೀಗ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ಸಂಕೇತಲಿಪಿಯಲ್ಲಿ ಬಿಗಿಯಲ್ಪಟ್ಟಿರುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದ ಈಚೆಗೆ, ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಆರಂಭಿಸಿದ ಹೆಚ್ಚಿನ ಯಂತ್ರಗಳಲ್ಲಿ ಇದು ತಾನಾಗಿಯೇ ಜಾರಿಯಾಗುತ್ತದೆ. ಎಲ್ಲವನ್ನೂ ಅಳಿಸಿ ರಿಸೆಟ್ ಮಾಡಿದಾಗ ಹಳೆಯ ಬೀಗದ ಕೈ ಹೋಗುತ್ತದೆ. ಚೂರುಗಳು ಸಿಕ್ಕರೂ ಓದಲಾಗದು. ಮೊಬೈಲ್ ಫೋನುಗಳ ಕತೆಯೂ ಇದೇ. ಈಚಿನ ಆಂಡ್ರಾಯ್ಡ್ ಫೋನನ್ನು ಫ್ಯಾಕ್ಟರಿ ರಿಸೆಟ್ ಮಾಡಿದ ಮೇಲೆ ಅದರೊಳಗಿಂದಲೇ ಫೋಟೊ ತೆಗೆದುಕೊಡುತ್ತೇನೆ ಎನ್ನುವವರಿಗೆ ಮುಂಗಡ ಕೊಡುವ ಮುನ್ನ ಹತ್ತು ಸಲ ಯೋಚಿಸಿ.

ಹುಡುಕುವ ವಿಧಾನ

ಹಾರ್ಡ್ ಡಿಸ್ಕ್ ಇದ್ದವರು ನೆನಪಿಡಬೇಕಾದದ್ದು ಒಂದೇ: ಹುಡುಕುವ ಸಾಫ್ಟ್‌ವೇರನ್ನು ಅದೇ ಡಿಸ್ಕಿನ ಮೇಲೆ ಹಾಕಬಾರದು, ಸಿಕ್ಕ ಫೈಲನ್ನೂ ಅದೇ ಡಿಸ್ಕಿಗೆ ಉಳಿಸಬಾರದು. ತಿಳಿದವರಿಂದ ಡಿಸ್ಕನ್ನು ಹೊರಗೆ ತೆಗೆಸಿ, ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಹುಡುಕುವುದು ಸರಿಯಾದ ಕ್ರಮ. ಆ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗದಗದಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಖಂಡಿತ ಸಿಗುತ್ತದೆ.

ಸಾಫ್ಟ್‌ವೇರಿಗೆ ಹಣ ಕೊಡಬೇಕಾಗಿಲ್ಲ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಎಂಬವರು ರಚಿಸಿದ ಫೋಟೊರೆಕ್ ಸಂಪೂರ್ಣ ಉಚಿತ. ಹೆಸರು ಫೋಟೊ ಎಂದಿದ್ದರೂ ಅದು ವರ್ಡ್, ಪಿಡಿಎಫ್, ಆಡಿಯೊ ಎಲ್ಲವನ್ನೂ ಹುಡುಕುತ್ತದೆ. ಹರಿದ ಪಟ್ಟಿಯನ್ನು ನಂಬದೆ ಡಿಸ್ಕನ್ನು ಮೊದಲಿನಿಂದ ಕೊನೆಯ ತನಕ ಓದುತ್ತ, ‘ಫೋಟೊ ಫೈಲು ಹೀಗೆ ಆರಂಭವಾಗುತ್ತದೆ, ವರ್ಡ್ ಫೈಲು ಹೀಗೆ’ ಎಂಬ ಗುರುತಿನಿಂದ ಆರಿಸುತ್ತದೆ. ಇದರಿಂದ ಒಂದು ತೊಡಕೂ ಇದೆ. ಫೈಲುಗಳ ಹಳೆಯ ಹೆಸರು ಉಳಿಯುವುದಿಲ್ಲ, ಬರೀ ಸಂಖ್ಯೆಗಳಿರುತ್ತವೆ. ಸಾವಿರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ಸಹನೆ ಬೇಕು. ಕಾಳು ಆರಿಸಿ ರೂಢಿಯಿರುವ ನಮ್ಮ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಗಂಡಸರಿಗಿಂತ ಮುಂದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಿಕೂವಾ ಎಂಬುದು ಬಳಸಲು ಇದಕ್ಕಿಂತ ಸುಲಭ, ಆದರೆ ರಿಸೆಟ್ ಆದ ಡಿಸ್ಕಿನಲ್ಲಿ ಅದಕ್ಕೆ ಸಿಗುವುದು ಕಡಿಮೆ. ಮೈಕ್ರೋಸಾಫ್ಟ್ 2020ರಲ್ಲಿ ಕೊಟ್ಟ ವಿಂಡೋಸ್ ಫೈಲ್ ರಿಕವರಿಯೂ ಉಚಿತವೇ. ಅದಕ್ಕೆ ಆದೇಶಗಳನ್ನು ಟೈಪ್ ಮಾಡಬೇಕಾದ್ದರಿಂದ ಕಲಿತವರ ನೆರವು ಬೇಕಾಗುತ್ತದೆ.

ಸಿಕ್ಕದ್ದೆಲ್ಲ ಸಿಕ್ಕಂತಲ್ಲ. ಕೆಲವು ಫೋಟೊಗಳ ಮೇಲಿನ ಅರ್ಧ ಸರಿಯಿದ್ದು ಕೆಳಗಿನ ಅರ್ಧ ಬೂದಿ ಬಣ್ಣದ್ದಾಗಿರುತ್ತದೆ. ದೊಡ್ಡ ವಿಡಿಯೊಗಳು ಡಿಸ್ಕಿನಲ್ಲಿ ಚೂರುಚೂರಾಗಿ ಹರಡಿರುವುದರಿಂದ ಅನೇಕ ವೇಳೆ ತೆರೆಯುವುದೇ ಇಲ್ಲ. ಸಣ್ಣ ಬರಹದ ಫೈಲುಗಳಿಗೆ ಅದೃಷ್ಟ ಹೆಚ್ಚು.

‘ಉಚಿತ’ವೆಂದು ಕರೆದು, ಹುಡುಕಿ ತೋರಿಸಿದ ಮೇಲೆ ‘ಉಳಿಸಿಕೊಳ್ಳಲು ಹಣ ಕೊಡಿ’ ಎನ್ನುವ ಸಾಫ್ಟ್‌ವೇರುಗಳು ಬಹಳ ಇವೆ. ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಹಣ ಕಟ್ಟಬೇಡಿ. ಫೈಲನ್ನು ತೆರೆದು ತೋರಿಸಿದರೆ ಮಾತ್ರ ಅದು ಇದೆ ಎಂದರ್ಥ. ಫೋನಿನಲ್ಲಿ ‘ನಾವು ದೂರದಿಂದಲೇ ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ’ ಎನ್ನುವವರನ್ನು ದೂರವಿಡಿ. ಹಾಗೆ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಪ್ರಯೋಗಾಲಯದ ಮಟ್ಟದ ಸೇವೆ ಬೇಕೆಂದರೆ ಬೆಂಗಳೂರಿನಂಥ ದೊಡ್ಡ ನಗರಕ್ಕೇ ಕಳಿಸಬೇಕು. ಖರ್ಚು ಸಾವಿರಗಳಲ್ಲಿ, ಕೆಲವೊಮ್ಮೆ ಹತ್ತಾರು ಸಾವಿರಗಳಲ್ಲಿ. ಡಿಸ್ಕ್ ಕೆಳಗೆ ಬಿದ್ದು ಕಟಕಟ ಸದ್ದು ಮಾಡುತ್ತಿದ್ದರೆ ಮನೆಯಲ್ಲಿ ಏನನ್ನೂ ಪ್ರಯತ್ನಿಸದೆ ಅಲ್ಲಿಗೇ ಕೊಡಬೇಕು. ಬರೀ ರಿಸೆಟ್ ಆದ ಎಸ್‌ಎಸ್‌ಡಿಗೆ ಅಷ್ಟು ಹಣ ಹಾಕುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಇದೆ, ಆದರೆ ಓದಲಾಗದು

ಇನ್ನೊಂದು ಬಗೆಯ ನಷ್ಟವಿದೆ. ಇದು ನಮ್ಮ ಭಾಷೆಗಳಲ್ಲಿ ಬರೆಯುವವರಿಗೆ ಮಾತ್ರ ಬರುವಂಥದ್ದು. ಇಂಗ್ಲಿಷಿನಲ್ಲಿ ಬಂದ ಯಾವ ಸಲಹೆಯಲ್ಲೂ ಇದು ಇರುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಿಸೆಟ್ ಆಯಿತು, ಫೈಲುಗಳು ಉಳಿದವು ಅಥವಾ ಕಷ್ಟಪಟ್ಟು ಮರಳಿ ಬಂದವು ಎಂದಿಟ್ಟುಕೊಳ್ಳಿ. ಕನ್ನಡದ ಫೈಲು ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ-ಗೀಟುಗಳಿರುವ ವಿಚಿತ್ರ ಚಿಹ್ನೆಗಳು. ನೋಡಿದವರು ‘ಫೈಲು ಕೆಟ್ಟಿದೆ’ ಎಂದು ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲು ಕೆಟ್ಟಿಲ್ಲ, ಅಕ್ಷರದ ಅಚ್ಚು ಕಳೆದಿದೆ.

ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಶಾಲೆ, ಕಚೇರಿ, ಡಿಟಿಪಿ ಅಂಗಡಿಗಳಲ್ಲೆಲ್ಲ ವರ್ಷಗಟ್ಟಲೆ ಕನ್ನಡ ಬರೆದದ್ದು ಇವುಗಳಲ್ಲಿ. ಅಂದಿನ ಈ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿ ಕೆಲಸ ಮಾಡುತ್ತಿದ್ದವು. ಅಂದರೆ ಫೈಲಿನೊಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರವೇ, ಅದರ ಮೇಲೆ ಕನ್ನಡದ ಮುಖವನ್ನು ತೊಡಿಸುತ್ತಿದ್ದದ್ದು ಫಾಂಟು. ರಿಸೆಟ್ ಆದಾಗ ಸಾಫ್ಟ್‌ವೇರಿನ ಜೊತೆ ಫಾಂಟೂ ಹೋಯಿತು. ನುಡಿಯನ್ನು ಮತ್ತೆ ಹಾಕಿಕೊಂಡು, ಪುಟವನ್ನು ಆಯ್ದು, ‘ನುಡಿ 01 ಇ’ ಮುಂತಾದ ಹಳೆಯ ಫಾಂಟನ್ನು ಒತ್ತಿದರೆ ಕನ್ನಡ ಎದ್ದು ಬರುತ್ತದೆ. ಬರಹದಲ್ಲಿ ಬರೆದದ್ದಕ್ಕೆ ಬರಹದ ಫಾಂಟು ಬೇಕು. ಇಂಥ ಬರವಣಿಗೆಯನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಒಮ್ಮೆ ಬದಲಿಸಿದರೆ ಯಾವ ಯಂತ್ರದಲ್ಲಾದರೂ, ಮೊಬೈಲಿನಲ್ಲಾದರೂ ಅದು ಕನ್ನಡವಾಗಿಯೇ ಕಾಣುತ್ತದೆ. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡದ ಫಾಂಟು ಮೊದಲೇ ಇರುವುದರಿಂದ ಎಷ್ಟು ಸಲ ರಿಸೆಟ್ ಮಾಡಿದರೂ ತೊಂದರೆಯಿಲ್ಲ.

ಉರ್ದು ಬರೆಯುವವರ ಕಷ್ಟ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಮದುವೆಯ ದಾವತ್‌ನಾಮೆಯಿಂದ ಮದರಸದ ಪ್ರಶ್ನೆಪತ್ರಿಕೆಯ ತನಕ ನಮ್ಮಲ್ಲಿ ಬಳಸಿದ್ದು 1990ರ ದಶಕದಲ್ಲಿ ಬಂದ ಇನ್‌ಪೇಜ್. ಅದರ ಫೈಲು ಇನ್‌ಪೇಜ್‌ನಲ್ಲಿ ಮಾತ್ರ ತೆರೆಯುತ್ತದೆ, ವರ್ಡ್‌ನಲ್ಲಿ ತೆರೆಯದು. ಎಷ್ಟೋ ಕಡೆ ಆ ಸಾಫ್ಟ್‌ವೇರನ್ನು ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟಿರುತ್ತಾರೆ. ರಿಸೆಟ್ ಆದ ಮೇಲೆ ಆ ‘ಯಾರೋ’ ಸಿಗುವುದಿಲ್ಲ. ಫೈಲುಗಳು ಮುಚ್ಚಿದ ಡಬ್ಬಿಯಂತೆ ಕೂತಿರುತ್ತವೆ. ಇನ್‌ಪೇಜ್ ಇರುವ ಡಿಟಿಪಿ ಅಂಗಡಿಗೆ ಒಯ್ದು ಪ್ರತಿಯೊಂದನ್ನೂ ಪಿಡಿಎಫ್ ಮಾಡಿಸಿಕೊಳ್ಳಿ, ಸಾಧ್ಯವಾದರೆ ಯೂನಿಕೋಡ್‌ಗೂ ಬದಲಿಸಿಕೊಳ್ಳಿ. ರಿಸೆಟ್ ಆಗುವ ತನಕ ಕಾಯದೆ ಈ ತಿಂಗಳೇ ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯ ಪ್ರತಿ ಎಲ್ಲಿರಬೇಕು?

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ ‘3-2-1’ ಎಂಬ ಲೆಕ್ಕವೊಂದಿದೆ. ಬೇಕಾದ ಫೈಲಿನ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯ ಹೊರಗೆ. ಮನೆಯ ಹೊರಗೆ ಏಕೆಂದು ನಮ್ಮ ತಾಲೂಕಿನವರಿಗೆ ಬೇರೆ ಹೇಳಬೇಕಾಗಿಲ್ಲ. 2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಆಲೂರು ಕಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ನೀರಿನಲ್ಲಿ ಟ್ರಂಕಿನೊಳಗಿನ ಕಾಗದವೂ ಕಪಾಟಿನ ಪೆನ್‌ಡ್ರೈವೂ ಒಟ್ಟಿಗೇ ಹೋಗುತ್ತವೆ.

ದೊಡ್ಡ ದೊಡ್ಡ ಕಂಪನಿಗಳಿಗೂ ಈ ಪಾಠ ಸುಲಭವಾಗಿ ಬಂದಿಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ಮಕ್ಕಳ ಚಿತ್ರ ‘ಟಾಯ್ ಸ್ಟೋರಿ 2’ ತಯಾರಿಸುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಫೈಲುಗಳು ಒಂದರ ಹಿಂದೆ ಒಂದರಂತೆ ಅಳಿಯತೊಡಗಿದವು. ಬ್ಯಾಕಪ್ ಇದೆಯೆಂದು ಎಲ್ಲರೂ ನಂಬಿದ್ದರು. ತೆರೆದು ನೋಡಿದರೆ ಅದು ಸರಿಯಾಗಿ ಉಳಿದಿರಲಿಲ್ಲ. ಆಗ ನೆರವಾದವರು ಗ್ಯಾಲಿನ್ ಸುಸ್ಮನ್ ಎಂಬ ಮಹಿಳಾ ತಂತ್ರಜ್ಞೆ. ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದರು. 1999ರಲ್ಲಿ ಚಿತ್ರ ತೆರೆಕಂಡಿತು. ಕೋಟಿಗಟ್ಟಲೆ ಹೂಡಿದ ಸಂಸ್ಥೆಯನ್ನು ಉಳಿಸಿದ್ದು ತೊಟ್ಟಿಲ ಪಕ್ಕದ ಒಂದು ಪ್ರತಿ! ಇಲ್ಲಿ ಗಮನಿಸಬೇಕಾದದ್ದು ಬ್ಯಾಕಪ್ ಇದೆ ಎಂದು ನಂಬುವುದು ಬೇರೆ, ತೆರೆದು ನೋಡುವುದು ಬೇರೆ ಎಂಬ ಮಾತು.

ನಮ್ಮ ಮನೆಗಳಿಗೆ ಇಷ್ಟು ಸಾಕು: ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಗೂಗಲ್ ಅಥವಾ ಒನ್‌ಡ್ರೈವಿನಲ್ಲಿ. ಅಂತರ್ಜಾಲದಲ್ಲಿ ಮನೆಯ ಫೋಟೊ ಹಾಕಲು ಮನಸ್ಸಿಲ್ಲದವರು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ ತವರುಮನೆಯಲ್ಲಿ ಇಡಬಹುದು. ರಜೆಗೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ ಬಂದರಾಯಿತು. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ನಂಬಿಕೆಯದಲ್ಲ.

ಮಾರುವ ಮುನ್ನ

ಇಷ್ಟರ ತನಕ ಹೇಳಿದ್ದೆಲ್ಲ ನಿಮ್ಮ ಪರವಾಗಿ. ಇದೇ ವಿದ್ಯೆ ನಿಮ್ಮ ವಿರುದ್ಧವೂ ಕೆಲಸ ಮಾಡುತ್ತದೆ. ರಿಸೆಟ್ ಆದ ಹಾರ್ಡ್ ಡಿಸ್ಕಿನಿಂದ ನೀವು ಫೋಟೊ ತೆಗೆಯಬಹುದಾದರೆ, ಆ ಲ್ಯಾಪ್‌ಟಾಪ್ ಕೊಂಡವರೂ ತೆಗೆಯಬಹುದು. ರಿಪೇರಿಯ ಹುಡುಗನೂ ತೆಗೆಯಬಹುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ಇದರಿಂದ ಹಳೆಯ ಯಂತ್ರ ಕೊಟ್ಟು ಹೊಸದು ತರುವವರು ಹೆಚ್ಚಾಗಿದ್ದಾರೆ. ‘ರಿಸೆಟ್ ಮಾಡಿ ಕೊಟ್ಟಿದ್ದೇವೆ’ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಮನೆಯ ಹೆಣ್ಣುಮಕ್ಕಳ ಮದುವೆಯ, ಮೆಹಂದಿಯ, ಬಾಣಂತನದ ಫೋಟೊಗಳು ಅದರಲ್ಲಿದ್ದವು ಎಂಬುದನ್ನು ಒಂದು ಕ್ಷಣ ಯೋಚಿಸಿರಿ. ಪರರ ಕಣ್ಣಿಗೆ ಬೀಳಬಾರದೆಂದು ಆಲ್ಬಮ್ಮನ್ನು ಬೀರುವಿನಲ್ಲಿ ಬೀಗಹಾಕಿ ಇಡುವ ನಾವು, ಅದೇ ಚಿತ್ರಗಳನ್ನು ಅಪರಿಚಿತನ ಕೈಗೆ ಕೊಟ್ಟುಬರುತ್ತಿದ್ದೇವೆ.

ಯಂತ್ರವನ್ನು ಕೊಟ್ಟುಬಿಡುವಾಗ ‘ರಿಮೂವ್ ಎವೆರಿಥಿಂಗ್’ ಒತ್ತಿದ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಎಂಬಲ್ಲಿಗೆ ಹೋಗಿ ‘ಕ್ಲೀನ್ ಡೇಟಾ’ ಎಂಬುದನ್ನು ಆನ್ ಮಾಡಬೇಕು. ಅದು ತಾನಾಗಿ ಆನ್ ಇರುವುದಿಲ್ಲ. ಡಿ ಡ್ರೈವ್ ಇದ್ದರೆ ಎಲ್ಲ ಡ್ರೈವ್‌ಗಳನ್ನೂ ಅಳಿಸು ಎಂಬುದನ್ನೂ ಆರಿಸಬೇಕು. ಹೀಗೆ ಮಾಡಿದಾಗ ಹಾರ್ಡ್ ಡಿಸ್ಕ್ ಹಲವು ಗಂಟೆ ತೆಗೆದುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ನಿಲ್ಲದಂತೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಚ್ಚಿಯೇ ಇರಲಿ. ಬ್ಯಾಟರಿ ಸತ್ತ ಹಳೆಯ ಯಂತ್ರವಾದರೆ ಇನ್ವರ್ಟರ್ ಇರುವ ಮನೆಯಲ್ಲಿ ಮಾಡಿಸಿ. ಇದಕ್ಕೂ ಒಳ್ಳೆಯದೆಂದರೆ ಡಿಸ್ಕನ್ನೇ ತೆಗೆದಿಟ್ಟುಕೊಂಡು ಉಳಿದ ಯಂತ್ರವನ್ನು ಮಾರುವುದು. ಬೆಲೆ ಸ್ವಲ್ಪ ಕಡಿಮೆ ಬರುತ್ತದೆ.

ರಿಪೇರಿಗೆ ಕೊಡುವಾಗ ಪರದೆ, ಕೀಲಿಮಣೆ, ಬ್ಯಾಟರಿಯ ದೋಷವಾದರೆ ಡಿಸ್ಕ್ ತೆಗೆಸಿಕೊಂಡೇ ಕೊಡಬಹುದು. ಅಂಗಡಿಯವರು ಇದಕ್ಕೆ ಬೇಸರಪಡಬೇಕಾಗಿಲ್ಲ. ಡಿಸ್ಕೇ ಬೇಕೆಂದಾದರೆ ಮನೆಯವರೊಬ್ಬರು ಎದುರು ಕೂತು ಕೆಲಸ ಮಾಡಿಸಲಿ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿನಿಂದ ಫೈಲು ನಕಲು ಮಾಡಿಕೊಳ್ಳುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ತಡೆಯುತ್ತದೆ. ದುರುದ್ದೇಶದಿಂದ ಮಾಡಿದ್ದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದ ತನಕ ಜೈಲು ಅಥವಾ 5 ಲಕ್ಷ ರೂಪಾಯಿಯ ತನಕ ದಂಡ, ಅಥವಾ ಎರಡೂ ಆಗಬಹುದು. ಯಾರಾದರೂ ಅಂಥ ಫೋಟೊ ತೋರಿಸಿ ಹೆದರಿಸಿದರೆ ಹಣ ಕೊಡದೆ, ಬಂದ ಸಂದೇಶವನ್ನು ಅಳಿಸದೆ, ಮನೆಯ ಹಿರಿಯರಿಗೆ ತಿಳಿಸಿ ಪೊಲೀಸ್ ಠಾಣೆಗೆ ದೂರು ಕೊಡಿರಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯದ ದೂರುಗಳಿಗೆ ಬೇರೆ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ದೂರು ಬರೆಯಬಹುದು.